ಗುಂಡಿಗಿಳಿಯುವ ಪಾಳಿ

ನಮ್ಮ ಮನೆಯ ಅಂಗಳದಲ್ಲಿ ಹಬ್ಬ ಬಂದರೂ ಮುಚ್ಚದ ಒಂದು ಗುಂಡಿ ಇತ್ತು. ಆಳೆತ್ತರದ ಆಳ, ಒಬ್ಬ ಕಾಲು ಚಾಚಿ ಮಲಗುವಷ್ಟು ಉದ್ದ. ಅದರ ಮೇಲೆ ಅಡ್ಡಕ್ಕೆ ಎರಡು ತೊಲೆ, ತೊಲೆಗಳ ಮೇಲೆ ಉದ್ದಕ್ಕೆ ಮಲಗಿಸಿದ ಸಾಗವಾನಿ ದಿಮ್ಮಿ. ದಿಮ್ಮಿಯ ಮೇಲೆ ಒಬ್ಬ ನಿಲ್ಲಬೇಕು, ಗುಂಡಿಯೊಳಗೆ ಇನ್ನೊಬ್ಬ ನಿಲ್ಲಬೇಕು. ಆಳುದ್ದದ ಗರಗಸ ಇಬ್ಬರ ಕೈಗಳ ನಡುವೆ ಏರುತ್ತ ಇಳಿಯುತ್ತ ದಿಮ್ಮಿಯನ್ನು ಹಲಗೆ ಹಲಗೆಯಾಗಿ ಸೀಳಬೇಕು. ಮಿಶಿನ್ನು ಗಿಶಿನ್ನು ಇಲ್ಲದ ಕಾಲ. ಈಗ ಬಸವಕಲ್ಯಾಣ ಎಂದು ಬೋರ್ಡು ಹೊತ್ತಿರುವ, ಆಗ ನಾವೆಲ್ಲ ಕಲ್ಯಾಣಿ ಎಂದೇ ಕರೆಯುತ್ತಿದ್ದ ನಮ್ಮೂರಿನ ಅರ್ಧಕ್ಕರ್ಧ ಬಾಗಿಲುಗಳು ಆ ಗುಂಡಿಯ ಮೇಲೆ ಹುಟ್ಟಿದವು ಎಂದು ಎದೆ ತಟ್ಟಿ ಹೇಳುತ್ತೇನೆ. ನಂಬದವರು ಹಳೆಯ ಓಣಿಗಳಿಗೆ ಹೋಗಿ ಬಾಗಿಲು ಬಡಿದು ನೋಡಲಿ. ನಮ್ಮ ಹಲಗೆಯ ಸದ್ದೇ ಬೇರೆ.

ಮೊನ್ನೆ ನಮ್ಮ ಓಣಿಯ ಶಾಲೆಯವರು ಬಂದು, ಹುಡುಗರಿಗೆ ಶಾಂತಿಯ ಬಗ್ಗೆ ನಾಲ್ಕು ಮಾತು ಹೇಳಬೇಕು ಎಂದರು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಅದೂ ಶಾಂತಿಯ ಪಾಠದ ದೆಸೆಯಿಂದಲೇ ಬಿಟ್ಟವನು! ಆದರೂ ಇಸ್ತ್ರಿಯ ಅಂಗಿ ತೊಟ್ಟು ಹೋದೆ. ಭಾಷಣ ನನ್ನ ಕೈಯಲ್ಲಾಗುವ ಕೆಲಸವಲ್ಲ, ಗುಂಡಿಯ ಕಥೆ ಶುರು ಮಾಡಿದೆ. ಇನ್ನೂ ಗರಗಸ ಕೈಗೆ ಬಂದಿರಲಿಲ್ಲ, ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು:

"ಅಜ್ಜಾ, ಕೆಳಗ ಯಾರ ನಿಂದರ್ತಿದ್ದರು?"

ಇದೇ ಪ್ರಶ್ನೆ ಕೇಳಲು ನಮಗೆ ವರ್ಷಗಳೇ ಹಿಡಿದಿದ್ದವು. ಈ ಗುಬ್ಬಿಯಂಥ ಹುಡುಗಿ ಎರಡು ನಿಮಿಷದಲ್ಲಿ ಕೇಳಿಬಿಟ್ಟಳು. ಅವಳಿಗೆ ಅಲ್ಲಿ ಅರ್ಧ ಹೇಳಿ ಬಂದೆ. ಪೂರ್ತಿಯಾಗಿ ಇಲ್ಲಿ ಬರೆಯುತ್ತೇನೆ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ನಮ್ಮ ಬಾಗಿಲು ಮೂಡಣಕ್ಕೆ, ಅಂಗಳದ ಆಚೆ ಬದಿಗೆ ಇಮಾಮ ಚಾಚಾನ ಬಾಗಿಲು ಪಡುವಣಕ್ಕೆ, ನಡುವೆ ಗುಂಡಿ. ಅಪ್ಪ ಬಡಿಗ ಮೇಸ್ತ್ರಿ. ಇಮಾಮ ಚಾಚಾ ನಾನು ಹುಟ್ಟುವ ಮೊದಲಿನಿಂದಲೂ ಅಪ್ಪನ ಗರಗಸದ ಜೋಡಿ. ಬೆಳಗ್ಗೆ ಬೆಳಕಿಂಡಿಯಿಂದ ಬಿಸಿಲಿನ ಕೋಲು ಅಡುಗೆಮನೆಯ ನೆಲ ಮುಟ್ಟುವ ಹೊತ್ತಿಗೆ ಗರಗಸ ಶುರುವಾಗುತ್ತಿತ್ತು. ಆ ಸದ್ದಿಗೆ ನಾನು ಏಳುತ್ತಿದ್ದೆ, ಆ ಸದ್ದಿನ ಲಯಕ್ಕೇ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮರದ ಹೊಟ್ಟು ಎಲ್ಲಿ ಬೀಳುತ್ತಿರಲಿಲ್ಲ ಕೇಳಿ! ಪುಂಡಿ ಪಲ್ಯದಲ್ಲಿ, ಹಾಸಿಗೆಯಲ್ಲಿ, ದೇವರ ಹಣೆಯ ಮೇಲೆ. ಸಂಜೆಗೆ ಅವ್ವ ಮತ್ತು ಚಾಚಿ ಹೊಟ್ಟನ್ನು ಬುಟ್ಟಿಯಲ್ಲಿ ಅಳೆದು ಹಂಚಿಕೊಂಡು ಒಲೆಗೆ ಒಯ್ಯುತ್ತಿದ್ದರು; ಯಾರ ಬುಟ್ಟಿ ಒತ್ತಿ ತುಂಬಿದೆ, ಯಾರದು ಸಡಿಲ ಎಂದು ದಿನಾ ಜಗಳ, ದಿನಾ ನಗು. ಮಧ್ಯಾಹ್ನ ಎರಡೂ ಮನೆಯವರು ಅರ್ಧ ಕೊಯ್ದ ದಿಮ್ಮಿಯ ಮೇಲೆಯೇ ಸಾಲಾಗಿ ಕೂತು ಉಣ್ಣುತ್ತಿದ್ದರು. ಬುತ್ತಿ ಅವರವರದು, ಬೇವಿನ ನೆರಳು ಮಾತ್ರ ಎಲ್ಲರದು. ಉಣ್ಣುವ ಮುಂಚೆ ಚಾಚಾ ಗುಂಡಿಯಿಂದ ಮೇಲೆ ಬಂದು ಮುಖ ಒಡ್ಡುತ್ತಿದ್ದ. ಅವ್ವ ತಂಬಿಗೆಯಿಂದ ಅವನ ಕಣ್ಣಿಗೆ ನೀರು ಸುರಿಯುತ್ತಿದ್ದಳು.

"ಅಕ್ಕಾ, ನಿನ್ನ ಗಂಡ ಅರ್ಧಾ ಸಾಗವಾನಿ ಗಿರಾಕಿಗೆ ಕೊಡ್ತಾನ, ಅರ್ಧಾ ನನ್ನ ಕಣ್ಣಾಗ ಸುರೀತಾನ," ಎಂದು ಚಾಚಾ ನಗುತ್ತಿದ್ದ.

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅವನ ಕಣ್ಣು ಯಾವಾಗಲೂ ಕೆಂಡದಂತೆ ಕೆಂಪಗಿರುವುದು ಅವನ ಹುಟ್ಟಿನ ಬಣ್ಣವೆಂದೇ ನಾನು ತಿಳಿದಿದ್ದೆ.

ಚಾಚಾನ ಮಗ ಮೆಹಬೂಬ ನನ್ನ ಓರಗೆಯವನು. ಇಬ್ಬರೂ ಒಂದೇ ಉರ್ದು ಶಾಲೆಗೆ ಹೋಗುತ್ತಿದ್ದೆವು. ನಿಜಾಮರ ಕಾಲ ಅದು. ಊರಿನ ದೊಡ್ಡವರ ಬಾಯಲ್ಲಿ 'ನಮ್ಮವರು, ನಿಮ್ಮವರು' ಎಂಬ ಮಾತು ಹೊಸದಾಗಿ ಆಡತೊಡಗಿತ್ತು, ಅದು ಶಾಲೆಯ ಆಟದ ಬಯಲಿಗೂ ಬಂತು. ನಮ್ಮ ಚಿಣ್ಣಿದಾಂಡಿನ ತಂಡಗಳು ತಮ್ಮಷ್ಟಕ್ಕೆ ತಾವೇ ಎರಡಾಗಿ ಒಡೆದವು. ಒಂದು ದಿನ ಕಲ್ಲು ತೂರಾಟವಾಯಿತು. ನಮ್ಮ ಮಾಸ್ತರರು ಬಹಳ ಒಳ್ಳೆಯವರು, ಬೆತ್ತ ಮುಟ್ಟುತ್ತಿರಲಿಲ್ಲ. ಎಲ್ಲರನ್ನೂ ಕೂರಿಸಿ, ನಮ್ಮ ನಮ್ಮ ಕೈಯಲ್ಲಿದ್ದ ಬರೆಯುವ ಹಲಗೆಯ ಮೇಲೆ 'ನಾವೆಲ್ಲರೂ ಸೋದರರು' ಎಂದು ಐವತ್ತು ಸಲ ಬರೆಸಿದರು. ಬರೆದೆವು. ಮುತ್ತಿನಂಥ ಅಕ್ಷರದಲ್ಲಿ ಬರೆದೆವು! ಮೊದಲು ಯಾರ ಅಕ್ಷರ ಚಂದ ಎಂದು ಜಗಳ ಹತ್ತಿತು. ಶಾಲೆ ಬಿಟ್ಟು ಮನೆ ದಾರಿ ಹಿಡಿದಾಗ ಇನ್ನೂ ದೊಡ್ಡ ಜಗಳ ಹುಟ್ಟಿತು.

"ಸೋದರ ಆದ್ರ ಆಗೂಣು. ಆದ್ರ ನಾ ಅಣ್ಣ, ನೀ ತಮ್ಮ," ಎಂದ ಮೆಹಬೂಬ.

"ಯಾಕಲೇ? ನಾ ಅಣ್ಣ."

"ರಾಜಾ ಯಾರವರು? ನಮ್ಮವರು. ಅದಕ್ಕ ನಾ ಅಣ್ಣ."

"ನಿಮ್ಮಪ್ಪ ಎಲ್ಲಿ ನಿಂದರ್ತಾನ? ನಮ್ಮಪ್ಪನ ಕಾಲ ಕೆಳಗ. ಅದಕ್ಕ ನಾ ಅಣ್ಣ!"

ಮೆಹಬೂಬ ನನ್ನ ಎದೆಗೆ ಗುದ್ದಿದ. ನಾನು ಐವತ್ತು ಸಲ ಸೋದರರು ಎಂದು ಬರೆದಿದ್ದ ಹಲಗೆಯನ್ನೇ ಎತ್ತಿ ಅವನ ಹಣೆಗೆ ಹೊಡೆದೆ. ಹಣೆ ಸೀಳಿತು. ಹಲಗೆಗೆ ಏನೂ ಆಗಲಿಲ್ಲ. ನಮ್ಮಪ್ಪನ ಕೈಯ ಹಲಗೆ ಅಲ್ಲವೇ!

ಅಪ್ಪ ನನ್ನನ್ನು ಹೊಡೆಯಲಿಲ್ಲ. ರಕ್ತ ಹತ್ತಿದ ಹಲಗೆ ಕೈಗೆ ತೆಗೆದುಕೊಂಡು, ತಿರುವಿ ಮುರುವಿ ನೋಡಿ, "ಹಲಗೀಲೆ ಹೊಡೀಲಿಕ್ಕ ಬಂತಲ್ಲ, ಇನ್ನ ಹಲಗಿ ಹ್ಯಾಂಗ ಹುಟ್ಟತದ ಅದನ್ನ ಕಲಿ," ಎಂದ. ಶಾಲೆ ಅಲ್ಲಿಗೆ ಮುಗಿಯಿತು. ಚಾಚಾನ ಕಣ್ಣುಗಳು ಆಗಲೇ ಮಂಜಾಗತೊಡಗಿದ್ದವು, ಅವನೂ ಮಗನನ್ನು ಬಿಡಿಸಿದ. ಇಬ್ಬರು ಅಪ್ಪಂದಿರ ಆಸೆ ಒಂದೇ: ತಮ್ಮ ನಂತರ ನಾವಿಬ್ಬರೂ ಗರಗಸದ ಜೋಡಿಯಾಗಬೇಕು. ಒಬ್ಬನಿಂದ ಎಳೆಯಲಾಗದ ಹತಾರ ಅದು. ಜೋಡಿ ಮುರಿದರೆ ಎರಡು ಒಲೆ ಆರುತ್ತವೆ.

ಮೆಹಬೂಬನ ಹಣೆಯ ಪಟ್ಟಿ ಬಿಚ್ಚಿದ ದಿನವೇ ನಮ್ಮನ್ನು ಗುಂಡಿಗೆ ತಂದರು. "ಮೋನ್ಯಾ ಮ್ಯಾಲ, ಮೆಹಬೂಬ ಕೆಳಗ," ಎಂದ ಅಪ್ಪ. ಮಳೆ ಮೇಲಿಂದ ಬೀಳುತ್ತದೆ ಎನ್ನುವಷ್ಟೇ ಸಹಜವಾಗಿ ಅಂದ. ನನಗೋ ಆನೆಯ ಮೇಲೆ ಕೂತಂತೆ! ದಿಮ್ಮಿಯ ಮೇಲೆ ನಿಂತರೆ ಓಣಿಯ ಕೊನೆಯವರೆಗೆ ಕಾಣುತ್ತದೆ. ಕೆಮ್ಮಣ್ಣಿನಲ್ಲಿ ಅದ್ದಿದ ನೂಲನ್ನು ಬಿಗಿದು ಹೊಡೆದ ಕೆಂಪು ಗೆರೆ ಕಾಲಬುಡದಲ್ಲೇ ಇರುತ್ತದೆ, ಗರಗಸವನ್ನು ಅದರ ಮೇಲೆ ನಡೆಸುವ ಗತ್ತು ಮೇಲಿನವನದು. ಮೊದಲ ದಿನ ನಾನು ಬೇಕಂತಲೇ ಕಾಲಾಡಿಸಿ ಮೆಹಬೂಬನ ತಲೆಯ ಮೇಲೆ ಹೊಟ್ಟು ಕೊಡವಿದೆ. ಅವನು ಕೆಳಗಿಂದ ಬೈದ. ನಾನು ಸಿಟ್ಟಿನಿಂದ ಗರಗಸವನ್ನು ಕೆಳಕ್ಕೆ ದೂಡಿದೆ. ಅಷ್ಟೇ! ಅಲಗು ಹಾವಿನಂತೆ ಬಳುಕಿ, ಕಿರ್ರೆಂದು ದಿಮ್ಮಿಯಲ್ಲಿ ಕಚ್ಚಿಕೊಂಡು ನಿಂತಿತು. ಅಪ್ಪ ಓಡಿ ಬಂದ.

"ದೂಡಬ್ಯಾಡಲೇ! ಇದು ದೂಡೋ ಹತಾರ ಅಲ್ಲ, ಜಗ್ಗೋದು. ನಿನ್ನ ಪಾಳಿಗೆ ಜಗ್ಗು. ಅವನ ಪಾಳಿಗೆ ಸುಮ್ಮ ಬಿಡು."

ಬಿಡುವುದು! ಅದನ್ನು ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು. ಜಗ್ಗುವುದು ಯಾವ ಎತ್ತಿಗೂ ಬರುತ್ತದೆ; ಕೈಯಲ್ಲಿ ಹಿಡಿಕೆ ಇದ್ದೂ ಬಿಡುವುದು ಇದೆಯಲ್ಲ, ಅದು ಬೇರೆ ವಿದ್ಯೆ. ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಅದು ಕೈಗೆ ಬಂತು. ಗರಗಸದ ಭಾರವೇ ಮಾಯ! ಅದು ತಾನೇ ಏರಿತು, ತಾನೇ ಇಳಿಯಿತು, ಹಾಡಿತು. ಒಳಗಿಂದ ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದು, ಅಪ್ಪ ಮತ್ತು ಚಾಚಾ ಕಟ್ಟೆಯ ಮೇಲೆ ಕೂತಿರುವುದನ್ನು ನೋಡಿ, "ಅಯ್ಯ, ನೀವಿಬ್ಬರೂ ಇಲ್ಲೇ ಅದೀರಿ! ಮತ್ತ ಕೊಯ್ಯಾಕತ್ತವರು ಯಾರು?" ಎಂದಳು. ಅಂಥ ಸನದು ನನಗೆ ಯಾವ ಶಾಲೆಯೂ ಕೊಟ್ಟಿಲ್ಲ. ಗುಂಡಿಯೊಳಗಿಂದ ಮೆಹಬೂಬ ಕೂಗಿದ, ನಾನು ಮೇಲಿಂದ ಕೂಗಿದೆ. ಕಥೆ ಇಲ್ಲಿಗೆ ಮುಗಿದಿದ್ದರೆ ಶಾಲೆಯ ಭಾಷಣಕ್ಕೆ ಎಷ್ಟು ಚಂದ ಒಪ್ಪುತ್ತಿತ್ತು!

ಆದರೆ ನಮಗೆ ಮೀಸೆ ಚಿಗುರುವ ಹೊತ್ತಿಗೆ ಊರೂ ಚಿಗುರಿತು, ಬೇರೆ ರೀತಿಯಲ್ಲಿ. ನಮ್ಮೂರ ಕೋಟೆಯ ಈ ಬದಿಗೆ ಒಂದು ಗುಂಪು ಸಂಜೆಗೆ ಲಾಠಿ ತಿರುಗಿಸತೊಡಗಿತು, ಆ ಬದಿಗೆ ಇನ್ನೊಂದು. ಎರಡೂ ಕಡೆ ನಮ್ಮ ಪ್ರಾಯದ ಹುಡುಗರೇ. ಸುಳ್ಳು ಯಾಕೆ ಹೇಳಲಿ, ನನಗೂ ಆ ಲಾಠಿಯ ಹುಚ್ಚು ಹತ್ತಿತು. ಸಾಲಾಗಿ ನಿಂತು ಒಂದೇ ದನಿಯಲ್ಲಿ ಕೂಗುವಾಗ ಎದೆ ಎರಡು ಗೇಣು ಅಗಲವಾಗುತ್ತದೆ. ಮೆಹಬೂಬನೂ ಆಚೆ ಬದಿಗೆ ಹೋಗಿ ಬರತೊಡಗಿದ. ಅಪ್ಪನಿಗೆ ಸುದ್ದಿ ಮುಟ್ಟಿತು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಇಬ್ಬರನ್ನೂ ದಿಮ್ಮಿಯ ಮೇಲೆ ಕೂರಿಸಿ, ಜೀವಮಾನದಲ್ಲಿ ಮೊದಲ ಸಲ ಭಾಷಣ ಮಾಡಿದ.

"ನಾನೂ ಇಮಾಮನೂ ಇಪ್ಪತ್ತು ವರ್ಸ ಒಂದ ಗರಗಸ ಹಿಡದೀವಿ. ಒಂದಿನಾ ಜಗಳ ಬಂದಿಲ್ಲ. ಲಾಠಿ ಕಲಿಸೋರನ್ನ ಬ್ಯಾಡ, ನಮ್ಮನ್ನ ನೋಡಿ ಕಲೀರಿ."

ಮೆಹಬೂಬ ರೊಟ್ಟಿ ಕೆಳಗಿಟ್ಟ.

"ನೋಡೇನಿ ಕಾಕಾ, ಹುಟ್ಟಿದಾಗಿಂದ ನೋಡಾಕತ್ತೇನಿ. ನೀವು ಮ್ಯಾಲ, ನಮ್ಮಪ್ಪ ಕೆಳಗ. ಜಗಳ ಹ್ಯಾಂಗ ಬರ್ತದ್ರಿ? ಕೆಳಗಿನವನ ಬಾಯಾಗ ಹೊಟ್ಟು ತುಂಬಿರ್ತದ."

"ಚುಪ್ ಕೂಡಲೇ!" ಎಂದು ಚಾಚಾ ಗದರಿದ. ಗದರುವಾಗ ಆ ಕೆಂಪು ಕಣ್ಣುಗಳು ಮಗನನ್ನು ಹುಡುಕುತ್ತ, ಮಗ ಇಲ್ಲದ ಕಡೆ ತಿರುಗಿದವು. ಅವನಿಗೆ ಮಗನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಅದನ್ನು ನಾವೆಲ್ಲ ಒಟ್ಟಿಗೇ ನೋಡಿದೆವು.

"ನೂಲು ಹೊಡದವ ಮ್ಯಾಲ ನಿಂದರಬೇಕು, ಅದು ಪದ್ಧತಿ," ಎಂದ ಅಪ್ಪ. ದನಿಯಲ್ಲಿ ಕಸುವಿರಲಿಲ್ಲ.

"ಹಂಗಾದ್ರ ನಮಗೂ ನೂಲು ಹೊಡೀಲಿಕ್ಕ ಕಲಸ್ಬೇಕಿತ್ತು," ಎಂದು ಮೆಹಬೂಬ ಎದ್ದು ಹೋದ. ನನಗೆ ನನ್ನಪ್ಪನಿಗಾದ ಅವಮಾನವಷ್ಟೇ ಕಂಡಿತು. ನಾನೂ ಎದ್ದು ನನ್ನ ಲಾಠಿಯ ಕಡೆ ಹೋದೆ. ಹುಮನಾಬಾದಿನ ಒಬ್ಬ ಧಾನ್ಯದ ವ್ಯಾಪಾರಿಯ ವಾಡೆಯ ಬಾಗಿಲಿಗೆಂದು ತಂದಿದ್ದ ದಿಮ್ಮಿ ಅರ್ಧ ಬಾಯಿ ತೆರೆದುಕೊಂಡು ಗುಂಡಿಯ ಮೇಲೆ ಹಾಗೇ ಬಿದ್ದುಕೊಂಡಿತು. ಐದು ದಿನ ಅಂಗಳದಲ್ಲಿ ಸದ್ದಿಲ್ಲ. ಅವ್ವನ ರೊಟ್ಟಿಗಳು ಲಯ ತಪ್ಪಿ ಹರಿಯತೊಡಗಿದವು. ಚಾಚಿ ಹೊಟ್ಟಿನ ಬುಟ್ಟಿ ಹಿಡಿದು ಬಂದು, ಖಾಲಿ ಗುಂಡಿ ನೋಡಿ ಮರಳುತ್ತಿದ್ದಳು.

ಆರನೆಯ ಬೆಳಗ್ಗೆ ಅಪ್ಪ ಮಾಡಿದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಅವನು ಚಾಚಾನ ಬಾಗಿಲಿಗೆ ಹೋಗಿ ಮೆಹಬೂಬನನ್ನು ಕರೆತಂದ, ಕೈಗೆ ಕೆಮ್ಮಣ್ಣಿನ ನೂಲುಂಡೆ ಕೊಟ್ಟ, "ನೀ ಮ್ಯಾಲ ಏರು. ನಾ ಇಳೀತೀನಿ," ಎಂದ. ರುಮಾಲು ಸುತ್ತಿದ ನನ್ನ ಅಪ್ಪ, ಊರೆಲ್ಲ ಮೇಸ್ತ್ರಿ ಎಂದು ಕೈಮುಗಿಯುವ ಅಪ್ಪ, ಗುಂಡಿಗಿಳಿದ! ಓಣಿಯ ಮಂದಿ ಗೋಡೆಯ ಮೇಲೆ ಕೂತು ನಕ್ಕರು. "ಮೇಸ್ತ್ರೀ, ಬುದ್ಧಿ ಕೆಟ್ಟದೇನೋ? ಗುಂಡ್ಯಾಗ ಏನ ಹುಡಕಾಕತ್ತಿ?" ಎಂದು ಕೂಗಿದರು. ಮಧ್ಯಾಹ್ನದವರೆಗೆ ಎಳೆದ ಅಪ್ಪ ಮೇಲೆ ಬಂದಾಗ ಹಿಟ್ಟಿನಲ್ಲಿ ಹೊರಳಾಡಿದವನಂತಿದ್ದ. ಕೆಮ್ಮು, ಕಣ್ಣಲ್ಲಿ ಧಾರಾಕಾರ ನೀರು. ಅವ್ವ ಸುರಿದ ತಂಬಿಗೆ ನೀರಿಗೆ ಮುಖ ಒಡ್ಡಿಯೇ ಕೇಳಿದ:

"ಇಮಾಮಾ, ಇಪ್ಪತ್ತು ವರ್ಸ ಯಾಕ ಹೇಳಲಿಲ್ಲೋ ನೀ?"

"ನೀ ಕೇಳಲಿಲ್ಲಲ್ಲೋ," ಎಂದ ಚಾಚಾ.

ಅಪ್ಪ ತನ್ನ ಹಳೆಯ ರುಮಾಲು ಬಿಚ್ಚಿ, ಗುಂಡಿಯ ಗೋಡೆಗೆ ಒಂದು ಗೂಟ ಬಡಿದು ಅಲ್ಲಿ ತೂಗುಹಾಕಿದ. ಇನ್ನು ಮೇಲೆ ಯಾರು ಇಳಿದರೂ ಅದನ್ನು ಕಣ್ಣಿನವರೆಗೆ ಸುತ್ತಿಕೊಳ್ಳಲಿ ಎಂದ. ನನಗೆ ಇಳಿ ಎನ್ನಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ನಾನು ಹಟ ಹಿಡಿಯುತ್ತಿದ್ದೆ, ನನ್ನ ಗುಣ ನನಗೆ ಗೊತ್ತು. ಮರುದಿನ ಎಲ್ಲರಿಗಿಂತ ಮೊದಲು ಎದ್ದು, ಆ ರುಮಾಲು ಸುತ್ತಿಕೊಂಡು ಗುಂಡಿಯಲ್ಲಿ ನಿಂತಿದ್ದೆ.

ಕೆಳಗಿನ ಲೋಕವೇ ಬೇರೆ! ಕೆಂಪು ಗೆರೆ ಕಾಣುವುದಿಲ್ಲ, ಓಣಿ ಕಾಣುವುದಿಲ್ಲ. ಕಾಣುವುದು ಒಂದು ಗೀಟು ಆಕಾಶ ಮತ್ತು ಮೇಲಿನವನ ಎರಡು ಅಂಗಾಲು. ಹೊಟ್ಟು ಬಿಸಿಲಲ್ಲಿ ಬಂಗಾರದಂತೆ ಹೊಳೆಯುತ್ತ ಬಂದು ಸೀದಾ ಮೂಗಿಗೆ ಹೊಗುತ್ತದೆ. ಮೇಲಿನವನು ಸರಿಯಾದ ಗೆರೆಯಲ್ಲಿದ್ದಾನೆ ಎಂದು ನಂಬಿ ಜಗ್ಗಬೇಕು. ಜೀವ ಹಾಕಿ ಜಗ್ಗಬೇಕು, ಯಾಕೆಂದರೆ ಕೊಯ್ಯುವ ಕಸುವು ಪೂರ್ತಿ ಕೆಳಗಿನವನದು! ಇಷ್ಟು ದಿನ ನಾನೇ ಕೊಯ್ಯುತ್ತಿದ್ದೇನೆ ಎಂದು ಬೀಗಿದ್ದೆನಲ್ಲ! ಗೆರೆ ನಡೆಸಿ ರೂಢಿಯಿಲ್ಲದ ಮೆಹಬೂಬ ಅಂದು ಹಲಗೆಯನ್ನು ಬಸುರಿಯ ಹೊಟ್ಟೆಯಂತೆ ಡೊಂಕಾಗಿ ಕೊಯ್ದ. ಹುಮನಾಬಾದಿಗೆ ಹೋಗಲು ಲಾಯಕ್ಕಾಗದ ಆ ಹಲಗೆಯನ್ನು ಅಪ್ಪ ನಗುತ್ತ ನಮ್ಮ ಅಡುಗೆಮನೆಯ ಗೂಡಿಗೆ ಬಡಿದ. ಅಂದಿನಿಂದ ಒಂದು ದಿನ ಅವನು ಕೆಳಗೆ, ಒಂದು ದಿನ ನಾನು. ವಾರಕ್ಕೊಮ್ಮೆ ಹಟ ಮಾಡಿ ಅಪ್ಪನೂ. ಮೈ ನೋಯುವವನಿಗೆ ಸಂಜೆಗೆ ಲಾಠಿ ಎತ್ತಲು ಕೈ ಎಲ್ಲಿ ಏಳುತ್ತದೆ? ಆದರೂ ಪೂರ್ತಿ ಬಿಟ್ಟೆವು ಎಂದು ಬಡಾಯಿ ಕೊಚ್ಚುವುದಿಲ್ಲ. ಹೊರಗಿನಿಂದ ಕೆಟ್ಟ ಸುದ್ದಿ ಬಂದ ದಿನ ನಾವು ಹಲ್ಲು ಕಚ್ಚಿ ಎಳೆಯುತ್ತಿದ್ದೆವು. ಜಗ್ಗುವುದು, ಬಿಡುವುದು ಮಾತ್ರ ತಪ್ಪಲಿಲ್ಲ.

ಕೊನೆಗೆ ಗಲಭೆಯ ಆ ದಿನಗಳು ಬಂದೇ ಬಂದವು. ಮೊದಲು ಮೆಹಬೂಬನ ಕಡೆಯ ಲಾಠಿಗಳ ಜೋರಿತ್ತು, ನಾವು ಬಾಗಿಲು ಹಾಕಿಕೊಂಡು ಕೂತೆವು. ಆಗ ಚಾಚಾ ನಮ್ಮ ಹೊಸ್ತಿಲ ಮೇಲೆ ಕಂಬಳಿ ಹಾಸಿ ಕಾವಲು ಕೂತಿದ್ದ. ಆಮೇಲೆ ನಿಜಾಮರ ರಾಜ್ಯವೇ ಬಿದ್ದಿತು, ಗಾಳಿ ತಿರುಗಿತು. ಈಗ ನಮ್ಮ ಕಡೆಯವರ ಪಾಳಿ. ಅಪ್ಪ ಹಲಗೆ ಹೇರಿಕೊಂಡು ಬಂಡಿಯಲ್ಲಿ ಹುಮನಾಬಾದಿಗೆ ಹೋದವನು ಎರಡು ದಿನವಾದರೂ ಮರಳಿರಲಿಲ್ಲ. ಮೂರನೆಯ ದಿನ ಬೆಳಗ್ಗೆಯೇ ಆಚೆ ಓಣಿಯಿಂದ ಗದ್ದಲ ಕೇಳಿಸಿತು. ಚಾಚಾನನ್ನೂ ಚಾಚಿಯನ್ನೂ ಅವ್ವ ಕೈಹಿಡಿದು ಒಳಗೆ ತಂದು, ಸ್ನಾನ ಮಾಡದೆ ನನ್ನನ್ನೂ ಬಿಡದ ದೇವರ ಕೋಣೆಯಲ್ಲಿ ಕೂರಿಸಿದಳು. ನಾನೂ ಮೆಹಬೂಬನೂ ಒಳಗೆ ನುಗ್ಗಹೋದೆವು. ಅವ್ವ ಅಡ್ಡ ನಿಂತಳು.

"ನೀವು ಬಂದ್ರ ಗರಗಸ ಯಾರ ಎಳೀಬೇಕು? ನಮ್ಮ ಅಂಗಳ ಸುಮ್ಮನಿದ್ರ ಮಂದಿ ಹಣಿಕಿ ನೋಡ್ತಾರ. ಹೋಗ್ರಿ, ಕೊಯ್ರಿ!"

ಅಂದು ಗುಂಡಿಗಿಳಿಯುವ ಪಾಳಿ ನನ್ನದು. ಮೆಹಬೂಬ ನನ್ನನ್ನು ಬದಿಗೆ ಸರಿಸಿ ತಾನೇ ಇಳಿದ, ಅಪ್ಪನ ರುಮಾಲು ಕಣ್ಣಿನವರೆಗೆ ಸುತ್ತಿಕೊಂಡ. ನಾನು ಮೇಲೇರಿದೆ. ಎಳೆದೆವು. ಅವನ ತೋಳು, ಬೆನ್ನು, ಹುಬ್ಬು ಎಲ್ಲ ಹೊಟ್ಟಿನಿಂದ ಬೆಳ್ಳಗಾಗುವಷ್ಟರಲ್ಲಿ ಆರೇಳು ಜನ ಅಂಗಳಕ್ಕೆ ನುಗ್ಗಿದರು. ಅವರಲ್ಲಿ ಇಬ್ಬರು ನನ್ನ ಜೊತೆ ಲಾಠಿ ತಿರುಗಿಸಿದವರೇ.

"ಮೋನ್ಯಾ, ಆ ಮನಿಯವರು ಎಲ್ಲಿ ಹೋದರು?"

"ಬಾಗಿಲಾ ತಗದೇ ಅದ, ನೋಡ್ಕೋರಿ," ಎಂದೆ. ಕೈ ನಿಲ್ಲಿಸಲಿಲ್ಲ.

ಒಬ್ಬ ಖಾಲಿ ಮನೆ ನೋಡಿ ಬಂದ. ಇನ್ನೊಬ್ಬ ಗುಂಡಿಯ ಅಂಚಿಗೆ ಬಂದು ಬಗ್ಗಿದ.

"ಕೆಳಗ ಯಾರಲೇ?"

ಗರಗಸ ನನ್ನ ಕೈಯಲ್ಲಿತ್ತು. ಕೆಳಗಿನಿಂದ ಅದನ್ನು ಹಿಡಿದ ಕೈ ಒಂದು ಕೂದಲೆಳೆಯಷ್ಟೂ ತಡೆಯಲಿಲ್ಲ. ಪಾಳಿ ಬಂದಾಗ ಜಗ್ಗಿತು, ಪಾಳಿ ಬಂದಾಗ ಬಿಟ್ಟಿತು. ನಾನು ಗೆರೆಯಲ್ಲಿದ್ದೇನೆ ಎಂದು ನಂಬಿದ ಕೈ ಅದು.

"ನಮ್ಮಪ್ಪ," ಎಂದೆ.

ಹಿಂದಿದ್ದವನೊಬ್ಬ ಪಕ್ಕನೆ ನಕ್ಕ.

"ಹೌದಲೇ, ಇವರಪ್ಪಗ ಗುಂಡೀ ಹುಚ್ಚು ಹಿಡದದಲ್ಲ! ರುಮಾಲ ನೋಡು, ಅದೇ. ನಡೀರಿ, ನಡೀರಿ."

ಊರು ಅಪ್ಪನನ್ನು ನೋಡಿ ನಕ್ಕಿದ್ದ ಆ ನಗುವೇ ಅಂದು ನಮ್ಮ ಅಂಗಳದ ಬಾಗಿಲಾಗಿ ನಿಂತಿತು. ಅವರು ಹೋದರು. ನಾವು ನಿಲ್ಲಿಸಲಿಲ್ಲ, ಕೆಂಪು ಗೆರೆ ಮುಗಿದು ಹಲಗೆ ಬೇರೆಯಾಗುವವರೆಗೂ ಎಳೆದೆವು. ಹಾಗೆ ನೂಲಿನಂತೆ ನೆಟ್ಟಗೆ ಸೀಳಿದ ಹಲಗೆಯನ್ನು ನಾನು ಆಮೇಲೆ ಇಡೀ ಜೀವಮಾನದಲ್ಲಿ ನೋಡಿಲ್ಲ. ಸಂಜೆಗೆ ಅಪ್ಪನ ಬಂಡಿಯ ಸದ್ದು ಓಣಿಯ ಕೊನೆಯಲ್ಲಿ ಕೇಳಿಸಿದ ಮೇಲೆಯೇ ಅವ್ವ ದೇವರ ಕೋಣೆಯ ಬಾಗಿಲು ತೆರೆದದ್ದು.

ಆದರೆ ಅದಕ್ಕೂ ಮುಂಚೆ, ಹಲಗೆ ಕಳಚಿ ಬಿದ್ದ ಗಳಿಗೆಯಲ್ಲಿ, ಮೆಹಬೂಬ ಗುಂಡಿಯಿಂದ ತಲೆ ಹೊರಗೆ ಹಾಕಿದ. ರುಮಾಲು ಬಿಚ್ಚಿದ. ಹುಬ್ಬು ರೆಪ್ಪೆಯೆಲ್ಲ ಬಿಳುಪು, ಹಣೆಯ ಮೇಲಿನ ಆ ಹಳೆಯ ಗಾಯದ ಗೆರೆ ಮಾತ್ರ ಬೆವರಿಗೆ ತೊಳೆದು ಕೆಂಪಗೆ ಕಾಣುತ್ತಿತ್ತು. ನನ್ನನ್ನು ನೋಡುತ್ತ ನೋಡುತ್ತ ಅವನ ಬಾಯಿ ಅಗಲವಾಯಿತು.

"ಸಾಲ್ಯಾಗ ನಾ ಬರೇ ಅಣ್ಣ ಅಂದಿದ್ದಕ್ಕ ತಲೀ ಒಡದಿ. ಈಗ ನೀನೇ ಅಪ್ಪ ಅಂದ್ಯಲ್ಲಲೇ ಮೋನ್ಯಾ!"

ಗದ್ದಲ ಊರಾಚೆಗೆ ಸರಿದು ಓಣಿ ಖಾಲಿಯಾಗಿತ್ತು. ಅವನ ಕೈಹಿಡಿದು ಮೇಲಕ್ಕೆ ಜಗ್ಗಿದೆ, ರುಮಾಲು ಕಿತ್ತುಕೊಂಡು ತಲೆಗೆ ಸುತ್ತಿದೆ, ಗುಂಡಿಗೆ ಧುಮುಕಿದೆ. ದಿಮ್ಮಿಯಲ್ಲಿ ಇನ್ನೊಂದು ಹಲಗೆ ಉಳಿದಿತ್ತು, ಪಾಳಿ ನನ್ನದಾಗಿತ್ತು.